ನಿಮ್ಮ ಮೆಚ್ಚಿನ ಹಳೇ ಗೇಮ್‌ಗೆ ನಿಜಕ್ಕೂ ರಿಮೇಕ್ ಬೇಕಾ? ಪರೀಕ್ಷೆ ಮಾಡುವುದು ಹೀಗೆ

ಯಾವ ಹಳೇ ಗೇಮ್ ಮತ್ತೆ ಹೊಸದಾಗಿ ಬರಬೇಕು ಅಂತ ಕೇಳಿದರೆ ಯಾರಿಗಾದರೂ ಒಂದು ಹೆಸರು ಥಟ್ಟನೆ ನಾಲಿಗೆ ಮೇಲೆ ಬರುತ್ತದೆ. ಯಾಕೆ ಬರಬೇಕು ಅಂತ ಕೇಳಿದರೆ ಮಾತ್ರ ಮಾತು ಅಲ್ಲೇ ನಿಲ್ಲುತ್ತದೆ. ಚಿಕ್ಕವರಿದ್ದಾಗ ಆಡಿದ್ವಿ, ಸಖತ್ತಾಗಿತ್ತು, ಅಷ್ಟೇ. ಆ ಪ್ರೀತಿ ನನಗೂ ಇದೆ. ಆದರೆ ಅದೊಂದನ್ನೇ ನಂಬಿ ರಿಮೇಕ್ ಕೇಳಿದರೆ ಸಿಗುವುದು ಹೊಳೆಯುವ ಬಣ್ಣ ಬಳಿದ ಅದೇ ಹಳೇ ಗೋಡೆ.

ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಆ ಗೇಮ್ ಮಾಡಿದವರು ಏನನ್ನು ಕಟ್ಟಲು ಹೊರಟಿದ್ದರೋ, ಅದನ್ನು ಪೂರ್ತಿ ಕಟ್ಟಲು ಅಂದಿನ ಮಷೀನು, ಅಂದಿನ ಸಮಯ ಬಿಟ್ಟಿತ್ತಾ? ಬಿಟ್ಟಿರಲಿಲ್ಲ ಎಂದಾದರೆ ರಿಮೇಕ್‌ಗೆ ಜಾಗ ಇದೆ. ಪೂರ್ತಿಯಾಗಿತ್ತು ಎಂದಾದರೆ ಅದನ್ನು ಹಾಗೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮತ್ತೆ ಆಡಿ

ಯೂಟ್ಯೂಬ್‌ನಲ್ಲಿ ನೋಡಿದರೆ ಸಾಲದು. ಕೈಯಲ್ಲಿ ಹಿಡಿದು ಆಡಬೇಕು, ಕನಿಷ್ಠ ನಾಲ್ಕೈದು ಗಂಟೆ. ಹಳೇ ಕನ್ಸೋಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಿಸಿ ಗೇಮ್‌ಗಳಲ್ಲಿ ಬಹಳಷ್ಟು ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಈಗಿನ ವಿಂಡೋಸ್‌ಗೆ ಹೊಂದುವ ಹಾಗೆ ಸಿಗುತ್ತವೆ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದವಕ್ಕೆ ಡಾಸ್‌ಬಾಕ್ಸ್, ಮೌಸ್ ಒತ್ತಿ ಆಡುವ ಪಾಯಿಂಟ್ ಆಂಡ್ ಕ್ಲಿಕ್ ಸಾಹಸದ ಗೇಮ್‌ಗಳಿಗೆ ಸ್ಕಮ್‌ವಿಎಂ. ಎರಡೂ ಹಳೇ ಗೇಮನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಸಾಫ್ಟ್‌ವೇರ್. ಡಾಸ್‌ಬಾಕ್ಸ್‌ನಲ್ಲಿ ಗೇಮ್ ಹುಚ್ಚು ವೇಗದಲ್ಲಿ ಓಡಿದರೆ ಗಾಬರಿ ಬೇಡ, ಅಂದಿನ ಎಷ್ಟೋ ಗೇಮ್‌ಗಳು ಪ್ರೊಸೆಸರ್ ಎಷ್ಟು ವೇಗವೋ ಅಷ್ಟೇ ವೇಗದಲ್ಲಿ ಓಡುತ್ತಿದ್ದವು. ಕಂಟ್ರೋಲ್ ಕೀ ಜೊತೆ ಎಫ್11 ಒತ್ತಿದರೆ ನಿಧಾನವಾಗುತ್ತದೆ, ಎಫ್12 ಒತ್ತಿದರೆ ಜೋರಾಗುತ್ತದೆ.

ಪರದೆಯ ವಿಷಯದಲ್ಲಿ ಒಂದು ಎಚ್ಚರ. ಹಳೇ ಗೇಮ್‌ಗಳ ಚಿತ್ರ 4:3 ಅಳತೆಯದ್ದು. ಅದನ್ನು ಅಗಲದ ಟಿವಿಗೆ ಎಳೆದು ಹಾಕಿದರೆ ಎಲ್ಲರೂ ದಪ್ಪಗೆ ಕಾಣುತ್ತಾರೆ, ನೀವು ಸುಮ್ನೆ ಗೇಮ್ ಮೇಲೆ ತಪ್ಪು ಹೊರಿಸುತ್ತೀರಿ. ಪಿಕ್ಸೆಲ್ ಚಿತ್ರಗಳನ್ನು ಬರೆದವರು ಹಳೇ ಪಿಕ್ಚರ್ ಟ್ಯೂಬಿನ ಪರದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ಅದರ ಸಣ್ಣ ಮಸುಕಿನಲ್ಲಿ ಬಣ್ಣಗಳು ಒಂದಕ್ಕೊಂದು ಬೆರೆಯುತ್ತಿದ್ದವು. ಎಮ್ಯುಲೇಟರ್‌ನಲ್ಲಿ (ಹಳೇ ಮಷೀನನ್ನು ಅನುಕರಿಸುವ ಸಾಫ್ಟ್‌ವೇರ್) ಆ ಹಳೇ ಪರದೆಯ ನೋಟ ಕೊಡುವ ಸಿಆರ್‌ಟಿ ಫಿಲ್ಟರ್ ಹಾಕಿಕೊಂಡು ನೋಡಿ. ಗ್ರಾಫಿಕ್ಸ್ ಹಳತಾಯಿತು ಅಂದುಕೊಂಡಿದ್ದ ಎಷ್ಟೋ ಗೇಮ್‌ಗಳು ಅಲ್ಲೇ ಜೀವ ಪಡೆಯುತ್ತವೆ, ಮತ್ತೆ ರಿಮೇಕಿನ ಮಾತೇ ಬೇಕಾಗುವುದಿಲ್ಲ.

ಚೀಟ್ ಬೇಡ. ಮೊದಲ ಎರಡು ಗಂಟೆ ಎಮ್ಯುಲೇಟರ್‌ನ ಸೇವ್ ಸ್ಟೇಟ್ (ಬೇಕಾದ ಕ್ಷಣದಲ್ಲಿ ಆಟವನ್ನು ಉಳಿಸಿಕೊಳ್ಳುವ ಸೌಲಭ್ಯ) ಕೂಡ ಬೇಡ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಎಡ ಪುಟದಲ್ಲಿ ನಿಮಗೆ ಕಿರಿಕಿರಿ ಆದದ್ದೆಲ್ಲ ಬರೆಯಿರಿ. ಬಲ ಪುಟದಲ್ಲಿ ಇವತ್ತಿಗೂ ಬೇರೆ ಯಾವ ಗೇಮ್‌ನಲ್ಲೂ ಸಿಗದೇ ಇರುವುದನ್ನು ಬರೆಯಿರಿ. ಬಲ ಪುಟ ಖಾಲಿ ಉಳಿದರೆ ಆ ಗೇಮನ್ನು ಅಲ್ಲಿಗೇ ಬಿಡಿ. ಬೇಜಾರಾಗುತ್ತದೆ, ನನಗೂ ಆಗಿದೆ.

ಎಡ ಪುಟದ ಕಿರಿಕಿರಿಗಳನ್ನು ಬೇರೆ ಬೇರೆ ಮಾಡಿ

ಇಡೀ ಕೆಲಸದ ಜೀವಾಳ ಇದು. ಕಿರಿಕಿರಿಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಮಷೀನಿನ ಮಿತಿಯಿಂದ ಬಂದವು, ಕೆಲವು ಆ ಕಾಲದ ರೂಢಿಯಿಂದ. ಇನ್ನು ಕೆಲವು ಕಿರಿಕಿರಿಯ ಹಾಗೆ ಕಂಡರೂ ಗೇಮಿನ ಉಸಿರೇ ಅಲ್ಲಿರುತ್ತದೆ. ತೆಗೆದರೆ ಗೇಮ್ ಸಾಯುತ್ತದೆ.

1999ರ ಸೈಲೆಂಟ್ ಹಿಲ್‌ನ ಮಂಜು ನೋಡಿ. ಮೊದಲ ಪ್ಲೇಸ್ಟೇಷನ್‌ಗೆ ಒಂದು ಇಡೀ ಊರನ್ನು ದೂರದವರೆಗೆ ಚಿತ್ರಿಸುವ ಶಕ್ತಿ ಇರಲಿಲ್ಲ, ಅದನ್ನು ಮುಚ್ಚಿಕೊಳ್ಳಲು ಮಂಜು ನೆರವಾಯಿತು. ಹಾಗಂತ ಈಗ ಶಕ್ತಿ ಇದೆಯಲ್ಲ, ಮಂಜು ತೆಗೆಯೋಣ ಅಂದರೆ? ಹತ್ತು ಹೆಜ್ಜೆ ಮುಂದೆ ಏನಿದೆ ಅಂತ ಗೊತ್ತಿಲ್ಲದೆ ನಡೆಯುವ ಆ ಹೆದರಿಕೆ ಪೂರ್ತಿ ಹೋಗುತ್ತದೆ. ಎರಡನೇ ಭಾಗದ ರಿಮೇಕ್ 2024ರಲ್ಲಿ ಬಂದಾಗ ಮಂಜು ಹಾಗೇ ಇತ್ತು, ಇನ್ನೂ ದಟ್ಟವಾಗಿ, ಚೆನ್ನಾಗಿ ಇತ್ತು. ಸರಿಯಾದ ತೀರ್ಮಾನ.

ಇದರ ಉಲ್ಟಾ ಆದದ್ದು ಹಳೇ ಮೂರು ಜಿಟಿಎ ಗೇಮ್‌ಗಳನ್ನು ಹೊಸದಾಗಿಸಿದ 2021ರ ಜಿಟಿಎ ಟ್ರೈಲಜಿಯಲ್ಲಿ. ದೂರದ ಮಸುಕು ಕಡಿಮೆಯಾಯಿತು, ವಿಮಾನದಲ್ಲಿ ಮೇಲೆ ಹೋದರೆ ಸ್ಯಾನ್ ಆಂಡ್ರಿಯಾಸ್‌ನ ಇಡೀ ನಕ್ಷೆ ಒಂದೇ ನೋಟಕ್ಕೆ ಕಾಣಿಸಿತು. ಮೂರು ನಗರ, ಮರುಭೂಮಿ, ಕಾಡು ಎಲ್ಲ ಸೇರಿ ದೊಡ್ಡ ರಾಜ್ಯ ಅಂತ ನಂಬಿದ್ದವರಿಗೆ ಅದು ಪುಟ್ಟ ದ್ವೀಪದಂತೆ ಕಂಡಿತು.

ಬದಲಾಯಿಸಿಯೂ ಗೆದ್ದದ್ದು ರೆಸಿಡೆಂಟ್ ಈವಿಲ್ 2. 1998ರ ಗೇಮಿನಲ್ಲಿ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ಕದಲದೆ ನಿಂತಿರುತ್ತಿತ್ತು, ಯಾಕೆಂದರೆ ಹಿನ್ನೆಲೆಗಳೆಲ್ಲ ಮೊದಲೇ ತಯಾರಿಸಿಟ್ಟ ಚಿತ್ರಗಳು. ಇದು ಮಿತಿ. ಆದರೆ ಆ ಮಿತಿಯಿಂದಲೇ ಝಾಂಬಿ ಕಾಣುವ ಮೊದಲು ಅದರ ನರಳಾಟ ಕೇಳಿಸುತ್ತಿತ್ತು. 2019ರ ರಿಮೇಕ್ ಕ್ಯಾಮೆರಾವನ್ನು ಭುಜದ ಹಿಂದಕ್ಕೆ ತಂದಿತು. ಹಾಗೆ ಮಾಡಿದಾಗ ಹೋಗುವ ಹೆದರಿಕೆಯನ್ನು ಬೇರೆ ದಾರಿಯಲ್ಲಿ ತುಂಬಿಕೊಟ್ಟಿತು: ಟಾರ್ಚ್ ಬೆಳಕು ಮಾತ್ರ ಇರುವ ಕತ್ತಲ ಓಣಿಗಳು, ತಲೆಗೆ ಗುಂಡು ಬಿದ್ದರೂ ಮತ್ತೆ ಏಳುವ ಝಾಂಬಿಗಳು, ಪಕ್ಕದ ಕೋಣೆಯಿಂದ ಕೇಳುವ, ಬೆನ್ನಟ್ಟಿ ಬರುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟಿನ ಸದ್ದು. ನಿಮ್ಮ ಗೇಮ್‌ನಲ್ಲೂ ಪ್ರತಿ ಕಿರಿಕಿರಿಯ ಎದುರು ಇದನ್ನೇ ಕೇಳಿಕೊಳ್ಳಿ. ಇದನ್ನು ತೆಗೆದರೆ ಜೊತೆಗೆ ಏನು ಹೋಗುತ್ತದೆ? ಅದನ್ನು ಯಾವುದರಿಂದ ತುಂಬುತ್ತೀರಿ?

ಕೈಗೆ ಮಾತ್ರ ಗೊತ್ತಾಗುವ ಸಂಗತಿಗಳೂ ಇವೆ. ಕ್ರಾಶ್ ಬ್ಯಾಂಡಿಕೂಟ್‌ನ ಮೂರು ಗೇಮ್‌ಗಳು 2017ರಲ್ಲಿ ಹೊಸದಾಗಿ ಬಂದಾಗ ನೋಡಲು ತುಂಬಾ ಚೆನ್ನಾಗಿದ್ದವು. ಆದರೆ ಜಿಗಿದ ಮೇಲೆ ಬೀಳುವ ವೇಗ ಸ್ವಲ್ಪ ಬೇರೆ ಇತ್ತು, ಪಾತ್ರದ ಅಡಿ ಗುಂಡಗಿದ್ದದ್ದರಿಂದ ಅಂಚಿನಲ್ಲಿ ಕಾಲಿಟ್ಟರೆ ಜಾರುತ್ತಿತ್ತು. ಹಳೇ ಆಟಗಾರರು ಕಣ್ಣು ಮುಚ್ಚಿ ದಾಟುತ್ತಿದ್ದ ಕಡೆಯೇ ಬಿದ್ದರು. ಹಾಗಾಗಿ ಜಿಗಿತ, ತಿರುವು, ಗುಂಡು ಹಾರಿದಾಗಿನ ಹಿಮ್ಮೆಟ್ಟು, ಇವನ್ನೆಲ್ಲ ಬಲ ಪುಟದಲ್ಲಿ ಮರೆಯದೆ ಬರೆದಿಡಿ.

ಒಂದು ಗೇಮ್ ಹಿಡಿದು ಮಾಡಿ ನೋಡೋಣ

ನಾನು ಆರಿಸಿಕೊಂಡದ್ದು ಪ್ರಾಜೆಕ್ಟ್ ಐಜಿಐ. 2000ರ ಕೊನೆಗೆ ಬಂದದ್ದು, ಮಾಡಿದ್ದು ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್. 14 ಮಿಷನ್, ಒಬ್ಬನೇ ಮನುಷ್ಯ, ಬೇಲಿಯಾಚೆ ಒಂದು ಸೇನಾ ನೆಲೆ.

ಮತ್ತೆ ಆಡಿದಾಗ ನನ್ನ ಎಡ ಪುಟ ಬೇಗ ತುಂಬಿತು. ಮಿಷನ್ ಮಧ್ಯೆ ಸೇವ್ ಇಲ್ಲ. ಅರ್ಧ ಗಂಟೆ ತೆವಳಿಕೊಂಡು ಹೋಗಿ ಕೊನೇ ಬಾಗಿಲಲ್ಲಿ ಸತ್ತರೆ ಮತ್ತೆ ಮೊದಲಿನಿಂದ. ಕಾವಲುಗಾರರಿಗೆ ಬುದ್ಧಿ ಕಡಿಮೆ, ಜೊತೆಗಾರ ಬಿದ್ದರೂ ಎಷ್ಟೋ ಸಲ ಏನೂ ಆಗದವರಂತೆ ತಿರುಗಾಡುತ್ತಾರೆ. ಅಲಾರಂ ಹೊಡೆದರೆ ಮಾತ್ರ ಬ್ಯಾರಕ್‌ನಿಂದ ಹೊರಗೆ ನುಗ್ಗುತ್ತಾರೆ. ಕಟ್ಟಡದ ಒಳಗೆ ಎಲ್ಲ ಖಾಲಿ ಖಾಲಿ. ಬೇರೆಯವರ ಜೊತೆ ಆಡುವ ಮಲ್ಟಿಪ್ಲೇಯರ್ ಇಲ್ಲ.

ಬಲ ಪುಟದಲ್ಲಿ ಕಡಿಮೆ ಸಾಲು, ಆದರೆ ಒಂದೊಂದೂ ತೂಕದ್ದು. ಗುಡ್ಡದ ಮೇಲೆ ಮಲಗಿ ಬೈನಾಕ್ಯುಲರ್‌ನಲ್ಲಿ ಇಡೀ ನೆಲೆಯನ್ನು ನೋಡಬಹುದು. ಮ್ಯಾಪ್ ಕಂಪ್ಯೂಟರ್ ತೆಗೆದರೆ ಉಪಗ್ರಹದಿಂದ ನೋಡಿದ ಹಾಗೆ ಕಾವಲುಗಾರರ ಓಡಾಟ ಕಾಣುತ್ತದೆ. ಯಾವ ಬೇಲಿ, ಯಾವ ಟವರ್, ಮೊದಲು ಕ್ಯಾಮೆರಾ ಆಫ್ ಮಾಡಬೇಕಾ, ಎಲ್ಲ ನಿಮ್ಮ ತೀರ್ಮಾನ. ಬಾಣದ ಗುರುತು ಹಾಕಿ ಕೈ ಹಿಡಿದು ನಡೆಸುವವರು ಯಾರೂ ಇಲ್ಲ. ಆ ಕಾಲದ ಎಷ್ಟೋ ಶೂಟರ್‌ಗಳು ಓಣಿಯಿಂದ ಓಣಿಗೆ ಓಡುತ್ತಿದ್ದಾಗ ಇದಕ್ಕೆ ಇಷ್ಟು ವಿಶಾಲ ಬಯಲು ಬಂದದ್ದು ಹೇಗೆ ಅಂದರೆ, ಇದರ ಎಂಜಿನ್ ಅದಕ್ಕೂ ಮೊದಲು ಇದೇ ತಂಡದ ಯುದ್ಧವಿಮಾನದ ಗೇಮ್ ಒಂದಕ್ಕೆ ಬಳಕೆಯಾಗಿತ್ತು. ಆಕಾಶದಿಂದ ನೋಡಲೆಂದು ಮಾಡಿದ ನೆಲ. ಅದರ ಮೇಲೆ ಒಬ್ಬ ಮನುಷ್ಯನನ್ನು ಇಳಿಸಿ ನಡೆಸಿದರು. ಈ ಸಂಗತಿ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈಗ ಬೇರೆ ಮಾಡೋಣ. ಬಯಲು, ಬೈನಾಕ್ಯುಲರ್, ಮ್ಯಾಪ್, ಒಂಟಿತನ: ಮುಟ್ಟಬಾರದು. ಕಾವಲುಗಾರರ ಬುದ್ಧಿ ಮತ್ತು ಖಾಲಿ ಕೋಣೆಗಳು: ಪೂರ್ತಿ ಹೊಸದಾಗಬೇಕು, ಯೋಜನೆ ಹಾಕುವ ಗೇಮ್‌ನಲ್ಲಿ ಎದುರಾಳಿಗೆ ಕಣ್ಣು ಕಿವಿ ಇಲ್ಲದಿದ್ದರೆ ಯೋಜನೆಗೆ ಏನು ಬೆಲೆ ಅಲ್ವಾ? ಸೇವ್ ಇಲ್ಲದಿರುವುದು ಮಾತ್ರ ಕಷ್ಟದ ಪ್ರಶ್ನೆ. ಬೇಕಾದಾಗ ಸೇವ್ ಕೊಟ್ಟರೆ ಆ ಎದೆಬಡಿತ ಹೋಗುತ್ತದೆ, ಕೊಡದಿದ್ದರೆ ಈಗಿನ ಆಟಗಾರ ಎರಡನೇ ಮಿಷನ್‌ನಲ್ಲೇ ಎದ್ದು ಹೋಗುತ್ತಾನೆ. 2003ರ ಐಜಿಐ 2ರಲ್ಲಿ ಮಾಡಿದವರೇ ಇದಕ್ಕೆ ಉತ್ತರ ಕೊಟ್ಟಿದ್ದರು: ಮಿಷನ್‌ಗೆ ಇಂತಿಷ್ಟೇ ಸೇವ್. ಆ ಉತ್ತರ ನನಗೆ ಒಪ್ಪಿಗೆ. ಅಂದರೆ ಈ ಗೇಮಿನ ಆಲೋಚನೆ ದೊಡ್ಡದಿತ್ತು, ಅದರ ಅರ್ಧ ಮಾತ್ರ ಆಗ ಆಯಿತು. ನನ್ನ ಪಟ್ಟಿಯಲ್ಲಿ ಇದಕ್ಕೆ ಮೊದಲ ಜಾಗ.

ಎರಡನೇ ಹೆಸರು ಬೇಕೆಂದರೆ ಅದೇ ಕಾಲದ ಡೈನೋ ಕ್ರೈಸಿಸ್. 1999ರಲ್ಲಿ ಬಂದದ್ದು. ಬಾಗಿಲು ಮುಚ್ಚಿದರೂ ಬೆನ್ನಟ್ಟಿ ಬರುವ ಡೈನೋಸಾರ್ ಅನ್ನುವುದು ಅಂದಿನ ಮಷೀನಿಗೆ ಭಾರವಾಗಿತ್ತು. ಇವತ್ತಿಗೆ ಹೇಳಿ ಮಾಡಿಸಿದ ಹಾಗಿದೆ.

ಇದೇ ಪರೀಕ್ಷೆಯಲ್ಲಿ ಕ್ರೋನೊ ಟ್ರಿಗರ್ ಬೇರೆ ಉತ್ತರ ಕೊಟ್ಟಿತು. 1995ರ ಆ ಗೇಮ್‌ನಲ್ಲಿ ಶತ್ರುಗಳು ಕಣ್ಣೆದುರೇ ಓಡಾಡುತ್ತಾರೆ, ಜಗಳ ನಿಂತ ಜಾಗದಲ್ಲೇ ನಡೆಯುತ್ತದೆ, ಬೇರೆ ಬೇರೆ ಮುಕ್ತಾಯಗಳಿವೆ, ಮುಗಿಸಿದ ಮೇಲೆ ಗಳಿಸಿದ ಶಕ್ತಿಯ ಜೊತೆಗೇ ಮತ್ತೆ ಶುರು ಮಾಡಬಹುದು. ನನ್ನ ಎಡ ಪುಟದಲ್ಲಿ ಮೂರು ಸಾಲೂ ಆಗಲಿಲ್ಲ. ಜನ ಇದರ ರಿಮೇಕ್‌ಗೆ ಎಷ್ಟೇ ಆಸೆಪಡಲಿ, ನನ್ನ ಮಟ್ಟಿಗೆ ಅದು ಮುಗಿದ ಕೆಲಸ.

ರಿಮೇಕಾ, ರಿಮಾಸ್ಟರಾ?

ಎಡ ಪುಟದಲ್ಲಿ ಬರೀ ಚಿತ್ರ, ಶಬ್ದ, ಪರದೆ ಅಳತೆಯ ದೂರುಗಳಿದ್ದರೆ ರಿಮಾಸ್ಟರ್ ಸಾಕು. 2021ರ ಡಯಾಬ್ಲೊ 2 ರಿಸರೆಕ್ಟೆಡ್ ಹಾಗೆ ಮಾಡಿತು. ಒಳಗೆ ಹಳೇ ಗೇಮಿನ ಲೆಕ್ಕಾಚಾರವೇ ಓಡುತ್ತದೆ, ಮೇಲೆ ಹೊಸ ಚಿತ್ರ. ಜಿ ಕೀ ಒತ್ತಿದರೆ ಹಳೇ ರೂಪ ಅಲ್ಲೇ ಕಣ್ಣೆದುರು ಬರುತ್ತದೆ. ದೂರುಗಳು ಆಟದ ಒಳಗಿನವು ಆಗಿದ್ದರೆ ಮಾತ್ರ ರಿಮೇಕ್ ಕೇಳಿ. 1998ರ ಹಾಫ್ ಲೈಫ್‌ನ ಕೊನೆಯ ಝೆನ್ ಭಾಗ ಅವಸರದಲ್ಲಿ ಮುಗಿಸಿದಂತಿದೆ ಅಂತ ಎಷ್ಟೋ ಜನ ಹೇಳುತ್ತಿದ್ದರು. ಅದರ ರಿಮೇಕ್ ಬ್ಲ್ಯಾಕ್ ಮೆಸಾ ಮಾಡಿದ ಅಭಿಮಾನಿಗಳು ಆ ಒಂದು ಭಾಗದ ಮೇಲೆ ವರ್ಷಗಟ್ಟಲೆ ಕೂತು, ಅದನ್ನು ಎಷ್ಟೋ ಪಟ್ಟು ದೊಡ್ಡದಾಗಿ ಕಟ್ಟಿ, 2020ರಲ್ಲಿ ಗೇಮನ್ನು ಪೂರ್ತಿ ಹೊರತಂದರು. ಅರ್ಧಕ್ಕೆ ನಿಂತದ್ದನ್ನು ಮುಗಿಸಿಕೊಡುವುದು ಅಂದರೆ ಇದು.

ಹಕ್ಕು ಯಾರ ಕೈಯಲ್ಲಿದೆ ನೋಡಿ

ಇದು ಬೇಸರದ ಭಾಗ, ಆದರೂ ನೋಡಲೇಬೇಕು. 2000ದ ನೋ ಒನ್ ಲಿವ್ಸ್ ಫಾರೆವರ್ ಅನ್ನುವ ಚಂದದ ಗೂಢಚಾರಿಣಿ ಗೇಮ್ ಇವತ್ತಿಗೂ ಮತ್ತೆ ಅಂಗಡಿಗೆ ಬಂದಿಲ್ಲ. ಕಂಪನಿಗಳು ಮಾರಾಟವಾಗಿ, ಒಂದರೊಳಗೊಂದು ಸೇರಿ, ಹಕ್ಕಿನ ಯಾವ ತುಂಡು ಯಾರದ್ದು ಅನ್ನುವುದೇ ಗೋಜಲಾಗಿದೆ. ರೇಸಿಂಗ್ ಗೇಮ್ ಆದರೆ ಕಾರಿನ ಕಂಪನಿಗಳ ಒಪ್ಪಿಗೆ ಬೇಕು. ರೇಡಿಯೋ ಹಾಡುಗಳಿದ್ದರೆ ಹಾಡಿನ ಲೈಸೆನ್ಸ್ ಮುಗಿದಿರಬಹುದು, ಜಿಟಿಎ ವೈಸ್ ಸಿಟಿಯ ಕೆಲವು ಹಾಡುಗಳು ಆಮೇಲಿನ ಆವೃತ್ತಿಗಳಲ್ಲಿ ಕಾಣೆಯಾದದ್ದು ಹೀಗೇ. ಸೋರ್ಸ್ ಕೋಡ್ (ಗೇಮ್ ಬರೆದ ಮೂಲ ಪ್ರೋಗ್ರಾಂ) ಕಳೆದುಹೋಗಿರುವುದೂ ಉಂಟು. 2012ರ ಸೈಲೆಂಟ್ ಹಿಲ್ ಎಚ್‌ಡಿ ಸಂಗ್ರಹ ಮಾಡಿದವರಿಗೆ ಕೊನೆಯ ಕೋಡ್ ಸಿಗಲಿಲ್ಲ, ಪೂರ್ತಿಯಾಗದ ಕೋಡ್ ಹಿಡಿದು ಕೆಲಸ ಮಾಡಬೇಕಾಯಿತು. ನೀವೇ ಅಭಿಮಾನಿಯಾಗಿ ಕಟ್ಟಲು ಹೊರಟರೂ ಎಚ್ಚರ ಇರಲಿ. ಕ್ರೋನೊ ಟ್ರಿಗರ್ ಅನ್ನು 3ಡಿಯಲ್ಲಿ ಕಟ್ಟುತ್ತಿದ್ದ ಅಭಿಮಾನಿಗಳ ತಂಡ 2004ರಲ್ಲಿ ಕಾನೂನು ನೋಟಿಸ್ ಬಂದು ಕೆಲಸ ನಿಲ್ಲಿಸಿತು.

ಕೊನೆಗೆ ಒಂದು ಪುಟ ಬರೆಯಿರಿ

ಕಂಪನಿಯ ಸಮೀಕ್ಷೆಗಾಗಲಿ, ಗೆಳೆಯರಿಗಾಗಲಿ ಕೊಡಲು ಒಂದೇ ಪುಟ ಸಾಕು. ಗೇಮಿನ ಮೂಲ ಆಲೋಚನೆ ಎರಡು ಸಾಲಿನಲ್ಲಿ. ಅದಕ್ಕೆ ಅಡ್ಡ ಬಂದ ಮಿತಿ ಯಾವುದು. ಮುಟ್ಟಬಾರದ್ದು ಯಾವುದು, ಹೊಸದಾಗಬೇಕಾದ್ದು ಯಾವುದು. ಆಮೇಲೆ ಒಂದು ಬೇಡಿಕೆ ತಪ್ಪದೆ ಸೇರಿಸಿ: ಹೊಸದು ಬಂದ ಮೇಲೂ ಹಳೆಯದು ಮಾರಾಟದಲ್ಲಿ ಇರಬೇಕು. ಜಿಟಿಎಯ ಹೊಸ ಟ್ರೈಲಜಿ ಬರುವಾಗ ಹಳೇ ಮೂರೂ ಗೇಮ್‌ಗಳನ್ನು ಅಂಗಡಿಯಿಂದ ತೆಗೆದಿದ್ದರು, ಜನ ಸಿಟ್ಟಾದ ಮೇಲೆ ಪಿಸಿಯವು ವಾಪಸ್ ಬಂದವು.

ನನ್ನ ಐಜಿಐ ಪುಟದಲ್ಲಿ ಇರುವುದು ಇಷ್ಟು: "ಬಯಲು, ಬೈನಾಕ್ಯುಲರ್, ಮ್ಯಾಪ್ ಹಾಗೇ ಇರಲಿ. ಬಾಣದ ಗುರುತು ಬೇಡ. ಕಾವಲುಗಾರರಿಗೆ ಕಣ್ಣು ಕಿವಿ ಕೊಡಿ, ಕೋಣೆಗಳಲ್ಲಿ ಜನ ಬದುಕುವ ಗುರುತು ಇರಲಿ. ಮಿಷನ್‌ಗೆ ಮೂರು ಸೇವ್ ಸಾಕು. ಹಳೇ ಗೇಮ್ ಜೊತೆಗೇ ಕೊಡಿ."