ಬಲೂನ್ ಬಿಟ್ಟು ಮೇಕೆಯ ಶ್ವಾಸಕೋಶ: ಡಬ್ಬಿಯೊಳಗೆ ಉಸಿರಾಡಿಸಿದ ನನ್ನ ಅನುಭವ

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆ ನಾವೆಲ್ಲ ಮಾಡೋದು ಬಾಟಲಿಯೊಳಗೆ ಬಲೂನ್ ಕಟ್ಟಿ ತಳದ ರಬ್ಬರ್ ಹಾಳೆ ಎಳೆಯುವ ಅದೇ ಬಲೂನ್ ಮಾದರಿ. ಮಕ್ಕಳು ನೋಡುತ್ತಾರೆ, ಚಿತ್ರ ಬರೆಯುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಶ್ವಾಸಕೋಶ ಅಂದರೆ ಖಾಲಿ ಚೀಲ ಅಂತಲೇ ಬರೆದು ಬರುತ್ತಾರೆ. ನನಗೆ ಸಾಕಾಗಿತ್ತು. ನಿಜವಾದ ಮೇಕೆಯ ಶ್ವಾಸಕೋಶ ತಂದು ಡಬ್ಬಿಯಲ್ಲಿಟ್ಟು, ಶ್ವಾಸನಾಳಕ್ಕೆ ಕಟ್ಟಿದ ಪೈಪಿನ ಬಾಯಿ ಹೊರಗೆ ಬಿಟ್ಟು, ಊದದೆ, ಕೆಳಗಿನ ರಬ್ಬರ್ ಹಾಳೆ ಎಳೆದೇ ಉಬ್ಬಿಸಬೇಕು ಅಂತ ಹೊರಟೆ.

ಬಂಗಾರಪೇಟೆ ಸುತ್ತಿನ ವಿಜ್ಞಾನ ಮೇಷ್ಟ್ರುಗಳಲ್ಲಿ ಒಬ್ಬರೂ ಆಗುತ್ತೆ ಅನ್ನಲಿಲ್ಲ. “ಕಾಲು ಪಂಪಲ್ಲಿ ಗಾಳಿ ಹೊಡೆದು ತೋರಿಸಿ ಸಾರ್, ಅಷ್ಟು ಸಾಕು” ಅಂದರು. ಗಾಳಿ ಹೊಡೆದರೆ ಪಾಠವೇ ತಲೆಕೆಳಗಾಗುತ್ತೆ ಅಲ್ವಾ? ಗಾಳಿಯನ್ನು ಒಳಕ್ಕೆ ತಳ್ಳೋದು ಕಪ್ಪೆ. ನಮ್ಮಲ್ಲಿ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆ, ಕೆಳಗಿಳಿದು, ಪಕ್ಕೆಲುಬು ಮೇಲೆದ್ದು ಎದೆಗೂಡು ಹಿಗ್ಗುತ್ತೆ. ಗಾಳಿ ತಾನಾಗಿ ಒಳಗೆ ಬರುತ್ತೆ.

ಮೊದಲ ತಲೆನೋವು ಮಾಲಿನದ್ದೇ. ಮಟನ್ ಅಂಗಡಿಯಲ್ಲಿ ಗುಂಡಿಗೆ ಬಿಡಿಸುವಾಗ ಚಾಕು ಒಂದಿಷ್ಟು ತಗುಲಿದರೂ ಶ್ವಾಸಕೋಶ ತೂತು. ಇನ್ನೊಂದು, ಕತ್ತು ಕೊಯ್ಯುವಾಗ ಶ್ವಾಸನಾಳವೂ ಕೊಯ್ದು ರಕ್ತ ಒಳಗೆ ಎಳೆದುಕೊಂಡಿರುತ್ತೆ. ಅದು ಹೆಪ್ಪುಗಟ್ಟಿದರೆ ಒಂದು ಕಡೆ ಏನು ಮಾಡಿದರೂ ಏಳೋದಿಲ್ಲ. ಹೀಗೆ ಐದಾರು ಶ್ವಾಸಕೋಶ ದಂಡವಾದವು. ಕೊನೆಗೆ ಅಂಗಡಿ ಭಾಯ್ ಹತ್ತಿರ ನಿಂತು, “ಗುಂಡಿಗೆ ಬಿಡಿಸಬೇಡಿ, ಕೊಳವೆ ಆದಷ್ಟು ಉದ್ದ ಬಿಡಿ” ಅಂತ ಕೇಳಿಕೊಂಡೆ. “ಮೇಷ್ಟ್ರೇ, ಗುಂಡಿಗೆ ಕಾಸೂ ಸೇರಿಸಿ ಕೊಡಿ” ಅಂದರು. ನ್ಯಾಯವೇ. ಎಲ್ಲ ಸೇರಿ ನೂರೈವತ್ತರ ಆಸುಪಾಸು. ತಂದ ಕೂಡಲೇ ಕೊಳವೆ ಕೆಳಮುಖ ಮಾಡಿ ತೂಗು ಹಾಕಿ ರಕ್ತ ಇಳಿಸಬೇಕು.

ಮೇಕೆಯಲ್ಲಿ ಇನ್ನೊಂದು ಮೋಸವಿದೆ. ನಮಗೆ ಶ್ವಾಸನಾಳ ಎರಡಾಗಿ ಒಡೆದ ಮೇಲೆ ಬಲಕ್ಕೆ ಮೂರು, ಎಡಕ್ಕೆ ಎರಡು ಹಾಲೆ (ಶ್ವಾಸಕೋಶದ ಭಾಗ). ಮೇಕೆಗೆ ಆ ಕವಲಿಗಿಂತ ಮೇಲೆಯೇ ಬಲಗಡೆ ಮೇಲಿನ ಹಾಲೆಗೆ ಬೇರೆ ಕೊಳವೆ ಹೊರಡುತ್ತೆ. ಕೊಳವೆಯನ್ನು ಗಿಡ್ಡಕ್ಕೆ ಕತ್ತರಿಸಿ ಕಟ್ಟಿದರೆ ಅಲ್ಲಿಂದ ಪುಸ್ ಅಂತ ಗಾಳಿ ಹೋಗುತ್ತೆ. ಇದು ಗೊತ್ತಾಗುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ಸಣ್ಣ ತೂತು ಹುಡುಕೋದು ಪಂಕ್ಚರ್ ಅಂಗಡಿಯ ಹಾಗೆಯೇ: ಕಾಲು ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟು ಬಕೆಟ್ ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದ ಜಾಗವನ್ನು ದಾರದಲ್ಲಿ ಬಿಗಿಯಿರಿ. ಬಾಯಲ್ಲಿ ಮಾತ್ರ ಯಾವತ್ತೂ ಊದಬೇಡಿ. ಕೈಗವಸು ಇರಲಿ.

ಇನ್ನು ಡಬ್ಬಿ. ದೊಡ್ಡದಿದ್ದರೆ ಹಿಂದಿನ ಬೆಂಚಿಗೂ ಕಾಣುತ್ತೆ ಅಂತ ಇಪ್ಪತ್ತು ಲೀಟರ್ ನೀರಿನ ಕ್ಯಾನಿನ ತಳ ಕತ್ತರಿಸಿದೆ. ಟ್ರ್ಯಾಕ್ಟರ್ ಟ್ಯೂಬ್ ಹಾಳೆ ಬಿಗಿದು ಇಬ್ಬರು ಹುಡುಗರು ಎಳೆದರು. ಶ್ವಾಸಕೋಶ ಅಲ್ಲಾಡಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ಒಂದು ವಾರ ಅದೇ ನಗು. ಅಷ್ಟು ಹೊತ್ತಿಗೆ ಕ್ಯಾನು, ಟ್ಯೂಬು, ಎಪಾಕ್ಸಿ ಅಂಟು, ಆಟೋ ಬಾಡಿಗೆ, ಮಟನ್ ಅಂಗಡಿ ಎಲ್ಲ ಸೇರಿ ಮೂರು ಸಾವಿರ ದಾಟಿತ್ತು. ಎಲ್ಲ ನನ್ನ ಜೇಬಿನದ್ದೇ. ಮನೆಯಲ್ಲಿ ಲೆಕ್ಕ ಕೇಳಿದರು, ಅರ್ಧ ಹೇಳಿದೆ.

ಕಾರಣ ಸುತ್ತಲಿನ ಗಾಳಿ. ಎಳೆದ ಎಳೆತವೆಲ್ಲ ಆ ಹದಿನೆಂಟು ಹತ್ತೊಂಬತ್ತು ಲೀಟರ್ ಗಾಳಿಯನ್ನು ಹಿಗ್ಗಿಸೋದರಲ್ಲೇ ಮುಗಿದುಹೋಗುತ್ತೆ. ನಮ್ಮ ಎದೆಯೊಳಗೆ ಆ ಜಾಗದಲ್ಲಿ ಗಾಳಿಯೇ ಇಲ್ಲ. ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆ ಪ್ಲೂರಾ; ಅದರ ಎರಡು ಪದರಗಳ ನಡುವೆ ತೆಳ್ಳಗೆ ಒಂದಿಷ್ಟು ದ್ರವ, ಅಷ್ಟೇ. ಅದಕ್ಕೇ ಗೂಡು ಹಿಗ್ಗಿದಷ್ಟೂ ಶ್ವಾಸಕೋಶ ಜೊತೆಗೇ ಹಿಗ್ಗುತ್ತೆ. ಹಾಗಾಗಿ ಬೇಕರಿಯಲ್ಲಿ ಬಿಸ್ಕತ್ತು ತುಂಬಿಡುವ ಪಾರದರ್ಶಕ ಡಬ್ಬಿ ತಂದೆ. ಐದು ಲೀಟರ್ ಇರಬಹುದು. ಉಬ್ಬಿದ ಶ್ವಾಸಕೋಶ ಗೋಡೆಗೆ ತಾಗೋ ಹಾಗಿದ್ದರೆ ಸರಿಯಾದ ಅಳತೆ. ಟ್ರ್ಯಾಕ್ಟರ್ ಟ್ಯೂಬ್ ಜಾಸ್ತಿ ದಪ್ಪ, ಬಲೂನ್ ರಬ್ಬರ್ ಜಾಸ್ತಿ ತೆಳು. ವ್ಯಾಯಾಮಕ್ಕೆ ಮಾರುವ ಅಗಲದ ರಬ್ಬರ್ ಪಟ್ಟಿ ಹದವಾಗಿ ಕೂತಿತು. ನಡುವೆ ಎರಡು ವಾಷರ್, ಒಂದು ಕೊಕ್ಕೆ. ಡಬ್ಬಿಯ ಅಂಚಿಗೆ ಏನು ಸವರಿದರೆ ಗಾಳಿ ಸೋರಲ್ಲ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ನಾನು ಬಹಳ ಕಾಸು ಕಳೆದಿದ್ದೀನಿ. ಅಡುಗೆಮನೆಯಲ್ಲಿ ಸಿಗುತ್ತೆ, ಅಷ್ಟು ಹೇಳಬಲ್ಲೆ.

ಮೊದಲ ಎಳೆತಕ್ಕೆ ಸ್ಪ್ರಿಂಗ್ ತಕ್ಕಡಿ ನಾಲ್ಕು ಕೆ.ಜಿ. ಹತ್ತಿರ ತೋರಿಸಿತು. ಮುದುಡಿ ಕಪ್ಪಗಿದ್ದ ಶ್ವಾಸಕೋಶ ಅಲ್ಲಲ್ಲಿ ತೇಪೆ ತೇಪೆಯಾಗಿ ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದಿತು. ಬಿಟ್ಟರೆ ತಾನೇ ಇಳಿಯಿತು, ಪೂರ್ತಿ ಮಾತ್ರ ಇಳಿಯಲಿಲ್ಲ. ಎರಡನೇ ಸಲದಿಂದ ಅದರ ಅರ್ಧ ಬಲ ಸಾಕಾಯಿತು. ತರಗತಿಯಲ್ಲಿ ಕೂಗಾಟ. ನಗುತ್ತಿದ್ದವರೇ ಬಂದು ಕೊಕ್ಕೆ ಹಿಡಿದು ಎಳೆದರು, ನಾನು ಸುಮ್ನೆ ನಿಂತು ನೋಡಿದೆ. ಡಬ್ಬಿಯ ಪಕ್ಕದಲ್ಲಿ ಬೆರಳಿನಷ್ಟು ತೂತು ಮಾಡಿ ಕಾರ್ಕ್ ಹಾಕಿಟ್ಟಿದ್ದೆ. ಶ್ವಾಸಕೋಶ ಉಬ್ಬಿದ್ದಾಗ ಅದನ್ನು ಕಿತ್ತರೆ ಕುಸಿದುಬೀಳುತ್ತೆ. ಎದೆಗೆ ತೂತಾದವರಿಗೆ ಏನಾಗುತ್ತೆ ಅನ್ನೋದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಕೆಟ್ಟುಹೋದವನ್ನೂ ನಾನು ಬಿಸಾಡಲಿಲ್ಲ. ಒಂದು ತುಂಡು ಕತ್ತರಿಸಿ ನೀರಿಗೆ ಹಾಕಿದರೆ ತೇಲುತ್ತೆ, ಪಿತ್ತಕೋಶ ಬಿಡಿಸಿದ ಲಿವರ್ ತುಂಡು ಮುಳುಗುತ್ತೆ. ಖಾಲಿ ಚೀಲ ಅನ್ನೋ ಭ್ರಮೆ ಅಲ್ಲಿಗೆ ಮುಗಿಯಿತು. ಒಳಗೆಲ್ಲ ಸಣ್ಣ ಗಾಳಿಗೂಡುಗಳು. ಮನುಷ್ಯರಲ್ಲಿ ಅವು 30ರಿಂದ 50 ಕೋಟಿ. ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್, ಅಂದರೆ ನಮ್ಮ ತರಗತಿ ಕೋಣೆಗಿಂತ ಜಾಸ್ತಿ.

ಇನ್ನೊಂದರಲ್ಲಿ ಉಪ್ಪುನೀರು ತುಂಬಿ ನೋಡಿದೆ. ಲೀಟರಿಗೆ ಒಂಬತ್ತು ಗ್ರಾಂ ಉಪ್ಪು. 1929ರಲ್ಲಿ ಫಾನ್ ನೀರ್‌ಗಾರ್ಡ್ ಅನ್ನುವವರು ಗಾಳಿಗಿಂತ ದ್ರವದಿಂದ ಶ್ವಾಸಕೋಶ ಸುಲಭವಾಗಿ ಉಬ್ಬುತ್ತೆ ಅಂತ ತೋರಿಸಿದ್ದರು. ನನ್ನದರಲ್ಲಿ ಗಾಳಿ ಪೂರ್ತಿ ಹೋಗದೆ ಬರೀ ನೊರೆ ಬಂತು. ಆದರೆ ಆ ನೊರೆ ಒಡೆಯೋದೇ ಇಲ್ಲ! 1955ರಲ್ಲಿ ಪ್ಯಾಟಲ್ ಅನ್ನುವ ವಿಜ್ಞಾನಿ ಇಂಥದ್ದೇ ನೊರೆ ನೋಡಿ, ಗಾಳಿಗೂಡಿನ ಒಳಮೈಗೆ ಮೇಲ್ಮೈ ಎಳೆತ (ತೇವದ ಮೇಲ್ಮೈ ಕುಗ್ಗಲು ಎಳೆಯುವ ಬಲ) ತಗ್ಗಿಸುವ ಲೇಪವಿದೆ ಅಂತ ಹಿಡಿದಿದ್ದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಉಸಿರಿಗೆ ಒದ್ದಾಡೋದು ಆ ಲೇಪ ಸಾಲದೆ, ಅಂತ 1959ರಲ್ಲಿ ಗೊತ್ತಾಯಿತು.

ಮಾದರಿಯನ್ನು ವರ್ಷವಿಡೀ ಇಡೋಣ ಅಂತ ಒಂದನ್ನು ಫಾರ್ಮಲಿನ್‌ನಲ್ಲಿ ಹಾಕಿದ್ದೆ. ಗಟ್ಟಿಯಾಗಿ ಕೂತುಬಿಟ್ಟಿತು, ಎಷ್ಟು ಎಳೆದರೂ ಏಳಲ್ಲ. ಅದು ಬೇರೆ ಪಾಠಕ್ಕೆ ಬಂತು. ನನ್ನ ತರಗತಿಯಲ್ಲಿ ಕೆಜಿಎಫ್ ಕಡೆಯ ಮಕ್ಕಳಿದ್ದಾರೆ. ಗಣಿ 2001ರಲ್ಲೇ ಮುಚ್ಚಿತು, ತಾತನ ಕೆಮ್ಮು ಮಾತ್ರ ಅವರಿಗೆ ನೆನಪಿದೆ. ಕಲ್ಲಿನ ಸಿಲಿಕಾ ಧೂಳು ಗಾಳಿಗೂಡು ಸೇರಿದರೆ ಅಲ್ಲಿ ಗಾಯದ ಕಲೆ ಕಟ್ಟಿ, ಶ್ವಾಸಕೋಶ ಬಿರುಸಾಗುತ್ತೆ. ನೀರಿನಲ್ಲಿ ಚೆನ್ನಾಗಿ ತೊಳೆದ ಆ ಗಟ್ಟಿ ಶ್ವಾಸಕೋಶವನ್ನು ಡಬ್ಬಿಗೆ ಹಾಕಿ, ಒಬ್ಬ ಹುಡುಗನ ಕೈಗೆ ಕೊಕ್ಕೆ ಕೊಟ್ಟೆ. ಎರಡು ಸಲ ಎಳೆದು, “ತಾತ ದಿನಾ ಹಿಂಗೇ ಎಳೀತಿದ್ರಾ ಸಾರ್?” ಅಂತ ಕೇಳಿದ.

ಮಾಡುವವರಿಗೆ ಎರಡು ಮಾತು. ಮಾಂಸ ಮುಟ್ಟದ ಮನೆಯ ಮಕ್ಕಳಿರುತ್ತಾರೆ, ಹಿಂದಿನ ದಿನವೇ ಹೇಳಿ, ಬೇಡ ಅಂದವರನ್ನು ದೂರ ಕೂರಿಸಿ. ಬೆಳಿಗ್ಗೆ ತಂದಿದ್ದು ಮಧ್ಯಾಹ್ನದೊಳಗೆ ಮುಗಿಯಬೇಕು, ನಮ್ಮ ಕಡೆ ಬಿಸಿಲಿಗೆ ಬೇಗ ವಾಸನೆ ಬರುತ್ತೆ. ಈಗ ನನಗೆ ಡಬ್ಬಿ, ಪಟ್ಟಿ, ಪೈಪು ಎಲ್ಲ ಸೇರಿ ಆರುನೂರು ಏಳುನೂರರಲ್ಲಿ ಆಗುತ್ತೆ. ಆಮೇಲೆ ಪ್ರತಿ ವರ್ಷ ಶ್ವಾಸಕೋಶದ ಕಾಸು ಮಾತ್ರ. ಮುಗಿದ ಮೇಲೆ ಆಳವಾಗಿ ಹೂಳಿ, ಇಲ್ಲದಿದ್ದರೆ ರಾತ್ರಿ ನಾಯಿಗಳು ಕೆದಕಿ ಶಾಲೆಯ ಅಂಗಳಕ್ಕೇ ತಂದು ಹಾಕುತ್ತವೆ.