ಶುಗರ್, ಗ್ಲಾಕೋಮಾ ಇದ್ದವರ ನಡಿಗೆ ಗುಂಪು: ಕೆಟ್ಟದ್ದೆಷ್ಟು, ಕೂಡಿ ಬಂದದ್ದೆಷ್ಟು

ಶುಗರ್ ಇದ್ದವರನ್ನೂ ಗ್ಲಾಕೋಮಾ (ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಯ ನರ ಕೆಡುವ ಕಾಯಿಲೆ) ಇದ್ದವರನ್ನೂ ಸೇರಿಸಿ ಗುಂಪು ಕಟ್ಟಿ, ನಡೆದರೆ ಕಣ್ಣು ಉಳಿಯುತ್ತದೆ ಅಂದಾಗ ನಂಬಿದವರು ಕಡಿಮೆ. ಮೂರನೇ ವರ್ಷ ನಡೆಯುತ್ತಿದೆ, ಗುಂಪು ಚದುರಿಲ್ಲ. ಚದುರದೆ ಉಳಿದದ್ದು ಯಾಕೆ ದೊಡ್ಡದೆಂದರೆ, ನಡಿಗೆಯಿಂದ ಎರಡು ಮೂರು ಪಾಯಿಂಟ್ (mmHg) ಇಳಿದ ಕಣ್ಣಿನ ಒತ್ತಡ, ನಿಲ್ಲಿಸಿದ ಮೂರ್ನಾಲ್ಕು ವಾರಕ್ಕೆ ಮೊದಲಿನ ಜಾಗಕ್ಕೇ ಏರಿ ಕೂರುತ್ತದೆ.

ಇಂಥ ಗುಂಪು ಕಟ್ಟುವವರು ಫಂಡಸ್ (ಕಣ್ಣಿನ ಹಿಂಭಾಗ, ಅಂದರೆ ರೆಟಿನಾ) ನೋಡಿಸದೆ ಯಾರನ್ನೂ ಸೇರಿಸಿಕೊಳ್ಳಬೇಡಿ. ಶುಗರ್‌ನಿಂದ ರೆಟಿನಾ ಕೆಡುವ ಕಾಯಿಲೆ ಮುಂದುವರಿದ ಪ್ರೊಲಿಫರೇಟಿವ್ ಹಂತದಲ್ಲಿ ಹುಟ್ಟುವ ಹೊಸ ರಕ್ತನಾಳಗಳು ತೀರಾ ಬಡಕಲು. ಉಸಿರು ಕಟ್ಟಿ ಭಾರ ಎತ್ತಿದರೆ ಕಣ್ಣೊಳಗೇ ರಕ್ತ ಸೋರಬಹುದು. ಅಂಥವರಿಗೆ ಲೇಸರೋ ಇಂಜೆಕ್ಷನ್ನೋ ಮುಗಿದು ವೈದ್ಯರು ಹೂಂ ಅನ್ನುವವರೆಗೆ ನಿಧಾನದ ನಡಿಗೆ ಮಾತ್ರ.

ಉಳಿದವರಿಗೆ ವಾರಕ್ಕೆ 5 ದಿನ, 30–40 ನಿಮಿಷ. ಮೊದಲು ನಾಡಿಬಡಿತದ ಲೆಕ್ಕ ಇಟ್ಟಿದ್ದೆವು, ಪೂರಾ ಕೆಟ್ಟಿತು. ಕಣ್ಣಿನ ಒತ್ತಡ ಇಳಿಸುವ ಟಿಮೋಲಾಲ್ ಡ್ರಾಪ್ಸ್ ಹಾಕುವವರ ನಾಡಿ ಎಷ್ಟು ಬೀಸಿ ನಡೆದರೂ ಬೇರೆಯವರಷ್ಟು ಏರದಿರಬಹುದು. ಆ ಹನಿ ಮೂಗಿನ ದಾರಿಯಲ್ಲಿ ರಕ್ತಕ್ಕಿಳಿದು ಹೃದಯದ ಬಡಿತವನ್ನೂ ತಗ್ಗಿಸುತ್ತದೆ. ಕೈಗಡಿಯಾರದ ಅಂಕಿ ಮುಟ್ಟಲು ಹೋಗಿ ಜನ ಸುಸ್ತಾದರು. ಈಗ ಒಂದೇ ಗುರುತು: ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಕಣ್ಣಿನ ಒತ್ತಡ ಅಳೆಯುವುದರಲ್ಲೂ ಎಡವಿದೆವು. ನಡೆದು ಬಂದವರು ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದರು, ರೀಡಿಂಗ್ ಇಳಿಯುವ ಬದಲು ಏರುತ್ತಿತ್ತು. ಐದು ನಿಮಿಷದಲ್ಲಿ ಒಂದು ಲೀಟರ್ ಕುಡಿಸಿ ಒತ್ತಡ ಏರಿಸಿ ನೋಡುವ ಪರೀಕ್ಷೆಯೇ ಗ್ಲಾಕೋಮಾಕ್ಕಿದೆ, ಅದು ಆಗ ಹೊಳೆಯಲಿಲ್ಲ. ಈಗ ಗುಟುಕು ಗುಟುಕಾಗಿ ನೀರು, ದಿನದ ಅದೇ ಹೊತ್ತಿಗೆ ಅಳತೆ. ಕಣ್ಣಿನ ಒತ್ತಡ ಅಳೆಯುವ ರೀಬೌಂಡ್ ಟೋನೋಮೀಟರ್ ಎಂಬ ಯಂತ್ರ ಕೊಳ್ಳುವ ಯೋಚನೆ ಇತ್ತು. ಲಕ್ಷಗಳ ಮಾತು, ಕೈಬಿಟ್ಟು ಕ್ಲಿನಿಕ್ಕಿನಲ್ಲೇ ನೋಡಿಸುತ್ತೇವೆ.

ಯೋಗದವರು ಬೇಜಾರಾಗಬಾರದು. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ದುಪ್ಪಟ್ಟಾಗುತ್ತದೆಂದು ಚೆನ್ನೈನ ಶಂಕರ ನೇತ್ರಾಲಯದವರು 2006ರಲ್ಲೇ ಅಳೆದು ತೋರಿಸಿದ್ದಾರೆ. ಸೂರ್ಯ ನಮಸ್ಕಾರದ ಪರ್ವತಾಸನದಲ್ಲೂ (ಸೊಂಟ ಮೇಲೆ, ತಲೆ ಕೆಳಗಿರುವ ಭಂಗಿ) ಏರುತ್ತದೆ. ಗ್ಲಾಕೋಮಾ ಇದ್ದವರಿಗೆ ತಲೆ ಎದೆಗಿಂತ ಕೆಳಗೆ ಹೋಗುವ ಆಸನ ಬೇಡ. ಡಂಬೆಲ್‌ಗೆ ಕೊಟ್ಟ ಮೂರು ಸಾವಿರ ದಂಡವಾಯಿತು, ಎಷ್ಟು ಹೇಳಿದರೂ ಎತ್ತುವಾಗ ಉಸಿರು ಬಿಗಿಹಿಡಿಯುತ್ತಾರೆ. ಮುನ್ನೂರರ ರಬ್ಬರ್ ಬ್ಯಾಂಡ್ ಸಾಕು, ಎಳೆಯುವಾಗ ಜೋರಾಗಿ ಎಣಿಸಬೇಕು; ಎಣಿಸುವ ಬಾಯಿ ಉಸಿರು ಕಟ್ಟುವುದಿಲ್ಲ.

ಶುಗರ್‌ನವರಿಗೆ ಬೆಳಗಿನ ಒಂದು ದೊಡ್ಡ ನಡಿಗೆಯ ಜೊತೆ ಊಟವಾದ ಅರ್ಧ ಗಂಟೆಯೊಳಗೆ 15 ನಿಮಿಷದ ನಡಿಗೆ ಸೇರಿಸಿದೆವು. ಮುದ್ದೆ ಊಟದ ದಿನ, ಅನ್ನದ ದಿನ ಬೇರೆ ಬೇರೆಯಾಗಿ ಶುಗರ್ ಸ್ಟ್ರಿಪ್ ಹಾಕಿ ನೋಡಿದ್ದೂ ಆಯಿತು. ಒಂದಕ್ಕೆ ಇಪ್ಪತ್ತು ರೂಪಾಯಿ ಸುಟ್ಟು ತಿಳಿದದ್ದು, ಧಾನ್ಯಕ್ಕಿಂತ ತಟ್ಟೆಗೆ ಬಡಿಸಿಕೊಂಡ ಅಳತೆಯೇ ಮುಖ್ಯ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರು ಶುಗರ್ 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹೊರಡಬೇಕು.

ಡ್ರಾಪ್ಸ್ ನಿಲ್ಲಿಸಬಾರದು, ನಡಿಗೆ ಅದರ ಜೊತೆಗೆ. ಇನ್ನೊಂದು, ಏರಿದ್ದ ಶುಗರ್ ಬೇಗ ಇಳಿದಾಗ ಕಣ್ಣಿನ ಮಸೂರದ ನೀರಿನಂಶ ಬದಲಾಗಿ ಕೆಲ ವಾರ ಮಂಜು ಮಂಜಾಗಿ ಕಾಣಬಹುದು. ನಡಿಗೆಯಿಂದ ಕಣ್ಣು ಕೆಟ್ಟಿತೆಂದು ನಾಲ್ಕೈದು ಸಾವಿರ ಕೊಟ್ಟು ಹೊಸ ಕನ್ನಡಕ ಮಾಡಿಸಿದವರಿಗೆ ತಿಂಗಳೊಪ್ಪತ್ತಿನಲ್ಲಿ ಹಳೆಯದೇ ಸರಿಹೋಯಿತು. ಮಂಜಿನ ಜೊತೆ ಕಪ್ಪು ಚುಕ್ಕಿ, ಮಿಂಚು ಕಂಡರೆ ಮಾತ್ರ ಅದೇ ದಿನ ರೆಟಿನಾ ತೋರಿಸಬೇಕು. ಅವೆರಡೂ ಇಲ್ಲದಿದ್ದರೆ ಶುಗರ್ ಒಂದು ಹದಕ್ಕೆ ಬಂದು ಆರು ವಾರವಾಗುವವರೆಗೆ ಕನ್ನಡಕದ ನಂಬರ್ ಬದಲಿಸಬೇಡಿ.