ಒಂದು ಮಳೆಗಾಲ, 34 ಬಾಟಲಿ, ಒಂದೇ ಗೂಗಲ್ ಶೀಟ್

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ 34 ಮಕ್ಕಳು. ಲ್ಯಾಬಿನಲ್ಲಿ 10 ಕಂಪ್ಯೂಟರ್ ಇವೆ, ಓಡುವುದು 8. ಇಂಟರ್ನೆಟ್ ಅಂದರೆ ಹೆಚ್ಚಿನ ದಿನ ನನ್ನ ಮೊಬೈಲಿನ ಹಾಟ್‌ಸ್ಪಾಟ್. ಇಷ್ಟನ್ನೇ ಇಟ್ಟುಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳೆಲ್ಲ ಸೇರಿ ಒಂದೇ ಗೂಗಲ್ ಶೀಟಿನಲ್ಲಿ (ಇಂಟರ್ನೆಟ್ಟಿನಲ್ಲಿ ಹಲವರು ಒಟ್ಟಿಗೆ ತುಂಬಬಹುದಾದ ಲೆಕ್ಕದ ಹಾಳೆ) ಮಳೆ ಲೆಕ್ಕ ಬರೆಯುತ್ತಾರೆ. ನೀವೂ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲ ಸಲ ನಾನು ಮಾಡಿದ್ದು ತಪ್ಪು. ಗೂಗಲ್ ಡಾಕ್ಸ್‌ನಲ್ಲಿ ಒಂದು ಖಾಲಿ ಹಾಳೆ ತೆರೆದು, ಲಿಂಕ್ ಕೊಟ್ಟು, "ಮಳೆ ಬಗ್ಗೆ ಎಲ್ಲರೂ ಸೇರಿ ಬರೀರಿ" ಅಂದೆ. ಎರಡೇ ನಿಮಿಷ. ಒಬ್ಬನ ಸಾಲಿನ ಮಧ್ಯೆ ಇನ್ನೊಬ್ಬಳ ಅಕ್ಷರ, ಮೂರನೆಯವನು ಅದನ್ನು ಅಳಿಸಿದ. "ಮೇಡಂ, ನಾನು ಬರೆದಿದ್ದು ಹೋಯ್ತು" ಅಂತ ನಾಲ್ಕು ಕಡೆಯಿಂದ ಕೂಗು. ಹಿಂದಿನ ಬೆಂಚಿನ ಮಕ್ಕಳು ಕೈಕಟ್ಟಿ ಕೂತುಬಿಟ್ಟರು. ಅವತ್ತಿಂದ ಒಂದು ನಿಯಮ ಮಾಡಿಕೊಂಡೆ: ಹಂಚಿಕೊಂಡ ಹಾಳೆಯಲ್ಲೂ ಪ್ರತಿ ಮಗುವಿಗೆ ಮೊದಲು ತನ್ನದೇ ಜಾಗ ಇರಬೇಕು. ಬೇರೆಯವರ ಬರಹ ಮುಟ್ಟುವುದನ್ನು ಆಮೇಲೆ ಕಲಿಸಬೇಕು. ಅದಕ್ಕೇ ಡಾಕ್ಸ್ ಬಿಟ್ಟು ಶೀಟ್ಸ್‌ನಿಂದ ಶುರು ಮಾಡಿದೆ. ಶೀಟಿನಲ್ಲಿ ಮನೆಗಳಿರುತ್ತವೆ (ಸೆಲ್ ಅನ್ನುವ ಚೌಕಗಳು), ಅಲ್ವಾ? ಯಾರ ಮನೆ ಯಾವುದು ಅಂತ ತೋರಿಸುವುದು ಸುಲಭ.

ಕಂಪ್ಯೂಟರ್ ಮುಟ್ಟುವ ಮೊದಲು ಬಾಟಲಿ ಕೆಲಸ. ಮೇಲಿಂದ ಕೆಳಗೆ ಒಂದೇ ಅಗಲ ಇರುವ ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿ ಬೇಕು. ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಗೆ ಕೂರಿಸಿ. ತಳ ಉಬ್ಬುತಗ್ಗು ಇರುತ್ತದೆ, ಹಾಗಾಗಿ ಸಣ್ಣ ಕಲ್ಲು ಹಾಕಿ, ಕಲ್ಲು ಮುಚ್ಚುವಷ್ಟು ನೀರು ತುಂಬಿಸಿ, ಆ ಮಟ್ಟಕ್ಕೆ ಸೊನ್ನೆ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿದರೆ ಆಯ್ತು. ದಿನಾ ಅಳೆದ ಮೇಲೆ ಹೆಚ್ಚಿನ ನೀರು ಚೆಲ್ಲಿ ಮತ್ತೆ ಸೊನ್ನೆಗೆ ತರಬೇಕು. ಬಾಟಲಿ ಬಯಲಲ್ಲಿರಲಿ. ಮಾಡಿನ ನೀರು, ಅಡಿಕೆ ಮರದ ಹನಿ ಬೀಳಬಾರದು.

ಹವಾಮಾನ ಇಲಾಖೆ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗಿನ ಮಳೆಯನ್ನು ಒಂದು ದಿನದ ಮಳೆ ಅಂತ ಲೆಕ್ಕ ಹಾಕುತ್ತದೆ. ನಾವೂ ಅದೇ ಹೊತ್ತು ಇಟ್ಟುಕೊಂಡೆವು. ಆದರೆ ಒಂಬತ್ತು ಮಕ್ಕಳಿಗೆ ಬಸ್ಸು ಬರುವುದೇ 8:10ಕ್ಕೆ. ಅವರ ಮನೆಯಲ್ಲಿ ಅಳೆಯುವವರು ಅಜ್ಜಿ, ಅಮ್ಮ ಅಥವಾ ತಮ್ಮ. ಒಬ್ಬ ಹುಡುಗಿಯ ಅಜ್ಜಿಗೆ ಓದಲು ಬರುವುದಿಲ್ಲ. ಅವರು ನೀರಿನ ಮಟ್ಟಕ್ಕೆ ಬಾಟಲಿ ಮೇಲೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ನೀರು ಚೆಲ್ಲಿ, ಒಳಗೆ ಹೋಗುತ್ತಾರೆ. ಸಂಜೆ ಮೊಮ್ಮಗಳು ಬ್ಯಾಂಡ್ ನೋಡಿ ಅಂಕಿ ಬರೆದುಕೊಳ್ಳುತ್ತಾಳೆ. ಈ ಉಪಾಯ ಈಗ ಕ್ಲಾಸಿಗೆಲ್ಲ ಹಬ್ಬಿದೆ.

ಇನ್ನು ಶೀಟ್. ಪ್ರತಿ ಮಗುವಿಗೆ ಒಂದು ಅಡ್ಡಸಾಲು, ಪ್ರತಿ ದಿನಾಂಕಕ್ಕೆ ಒಂದು ಕಾಲಂ, ತಿಂಗಳಿಗೊಂದು ಟ್ಯಾಬ್. ಮೊದಲ ಸಾಲು, ಮೊದಲ ಕಾಲಂ ಫ್ರೀಜ್ ಮಾಡಿ, ಅಂದರೆ ಹಾಳೆ ಸರಿಸಿದರೂ ಕದಲದಂತೆ ಇಡಿ, ಇಲ್ಲದಿದ್ದರೆ 20ನೇ ತಾರೀಖು ತಲುಪುವಾಗ ಯಾರ ಸಾಲು ಯಾವುದು ಅಂತ ಗೊತ್ತಾಗುವುದಿಲ್ಲ. ಗುಡ್ಡದ ಮೇಲಿನವರ ಸಾಲಿಗೆ ಒಂದು ಬಣ್ಣ, ತುಂಗೆಯ ಬದಿಯವರಿಗೆ ಇನ್ನೊಂದು, ಪೇಟೆ ಕಡೆಯವರಿಗೆ ಮತ್ತೊಂದು. ಹೆಸರಿನ ಬದಲು ಹಾಜರಿ ನಂಬರ್ ಹಾಕಿ. ಲಿಂಕ್ ಸಿಕ್ಕವರೆಲ್ಲ ನೋಡಬಹುದಾದ ಹಾಳೆ ಅದು. ಮಕ್ಕಳ ಪೂರ್ತಿ ಹೆಸರು, ಫೋನ್ ನಂಬರ್ ಅಲ್ಲಿ ಬೇಡವೇ ಬೇಡ.

ನಮ್ಮ ಮಕ್ಕಳ ಹತ್ತಿರ ಗೂಗಲ್ ಖಾತೆ ಇಲ್ಲ. ನನ್ನ ಪಾಸ್‌ವರ್ಡ್ ನಾನು ಕೊಡುವುದಿಲ್ಲ, ನೀವೂ ಕೊಡಬೇಡಿ. ಶೇರ್ ಒತ್ತಿ, ಲಿಂಕ್ ಇರುವ ಯಾರೇ ಆದರೂ "ಎಡಿಟರ್" (ತಿದ್ದಬಹುದು) ಅಂತ ಇಡುತ್ತೇನೆ. ಪೀರಿಯಡ್ ಮುಗಿದ ತಕ್ಷಣ ಅದನ್ನು "ವ್ಯೂವರ್"ಗೆ (ನೋಡಬಹುದು ಅಷ್ಟೇ) ಬದಲಿಸುತ್ತೇನೆ. ಇದು ಮರೆಯಬಾರದ ಕೆಲಸ, ಅದಕ್ಕೆ ಹಾಜರಿ ಪುಸ್ತಕದ ಮೇಲೆ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ. ಲಾಗಿನ್ ಇಲ್ಲದೆ ಬಂದವರು ಶೀಟಿನ ಮೇಲ್ಗಡೆ "ಅನಾನಿಮಸ್" ಅಂತ ಒಂದೊಂದು ಪ್ರಾಣಿಯ ಹೆಸರಲ್ಲಿ ಕಾಣುತ್ತಾರೆ. ಮಕ್ಕಳಿಗೆ ಅದು ಭಾರೀ ಖುಷಿ. ಆದರೆ ಯಾರು ಏನು ಬದಲಿಸಿದರು ಅಂತ ಹೆಸರು ಹಿಡಿದು ತಿಳಿಯುವುದಿಲ್ಲ. ಹಾಗಾಗಿ ದಿನಾಂಕದ ಸಾಲು, ನಂಬರ್ ಕಾಲಂ, ಕಳೆದ ವಾರಗಳ ಅಂಕಿ ಎಲ್ಲದಕ್ಕೂ ಡೇಟಾ ಮೆನುವಿನಲ್ಲಿ "ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್" ಹಾಕಿ ಬೀಗ ಹಾಕುತ್ತೇನೆ. ಹಳೇ ಅಂಕಿ ತಿದ್ದಬೇಕಾದರೆ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬರಬೇಕು.

ಎಲ್ಲರಿಗೂ ಜಾಸ್ತಿ ತಲೆನೋವು ಕೊಡುವುದು ಅಂಕಿ ಟೈಪ್ ಮಾಡುವ ಜಾಗ. ಒಬ್ಬ "12 ಮಿ.ಮೀ." ಅಂತ ಬರೆಯುತ್ತಾನೆ, ಇನ್ನೊಬ್ಬಳು "ಜೋರು ಮಳೆ" ಅನ್ನುತ್ತಾಳೆ. ಶೀಟಿಗೆ ಇವೆಲ್ಲ ಅಕ್ಷರಗಳೇ, ಸರಾಸರಿಯಲ್ಲಿ ಸೇರುವುದಿಲ್ಲ. ಡೇಟಾ ವ್ಯಾಲಿಡೇಶನ್‌ಗೆ ಹೋಗಿ, 0ರಿಂದ 200ರ ನಡುವಿನ ಅಂಕಿ ಮಾತ್ರ ಒಪ್ಪುವಂತೆ, ಬೇರೆಯದನ್ನು ತಳ್ಳುವಂತೆ ಮಾಡಿ. ಬಾಟಲಿ ತುಂಬಿ ಹರಿದ ದಿನ ಶೀಟಿನ ಮನೆ ಖಾಲಿ ಬಿಟ್ಟು, ಕೊನೆಯಲ್ಲಿ "ಮಾತು" ಅಂತ ಇಟ್ಟಿರುವ ಕಾಲಂನಲ್ಲಿ ಬರೆಯಬೇಕು.

ಖಾಲಿ ಮನೆ ಬೇರೆ, ಸೊನ್ನೆ ಬೇರೆ. ಇದಕ್ಕೆ ಒಂದಿಡೀ ಪೀರಿಯಡ್ ಕೊಡಿ. ಜೂನ್ ಮೊದಲ ವಾರ ಒಬ್ಬ ಹುಡುಗ ಮೂರು ದಿನ ನೆಂಟರ ಮನೆಯಲ್ಲಿದ್ದ. ಬಂದು ಮೂರು ಸೊನ್ನೆ ಹಾಕಿದ. ಸರಾಸರಿ ಇಳಿಯಿತು. ಅವನ ಪಕ್ಕದ ಮನೆಯ ಹುಡುಗಿ ತನ್ನ ಸಾಲಿನಲ್ಲಿ 38, 41, 22 ಬರೆದಿದ್ದಳು. "ಮಳೆ ನಿನ್ನ ಮನೆ ಬಿಟ್ಟು ನಮ್ಮನೆಗೆ ಮಾತ್ರ ಬಂತೇನೋ?" ಅಂತ ಕೇಳಿದಳು. ಅವನು ತಾನೇ ಸೊನ್ನೆ ಅಳಿಸಿದ. ಎಲ್ಲರ ಕಣ್ಣೆದುರೇ ಸರಾಸರಿ ಮೇಲೆ ಏರಿತು. "ಮಳೆ ಬರಲಿಲ್ಲ", "ನಾನು ನೋಡಲಿಲ್ಲ" ಇವೆರಡರ ವ್ಯತ್ಯಾಸ ಬೋರ್ಡಿನ ಮೇಲೆ ಬರೆದು ನಾನು ಇಷ್ಟು ಚೆನ್ನಾಗಿ ಯಾವತ್ತೂ ಕಲಿಸಿರಲಿಲ್ಲ.

ಟೈಪ್ ಮಾಡುವುದು ಶನಿವಾರ ಮಾತ್ರ. ವಾರವಿಡೀ ನೋಟ್‌ಬುಕ್ಕಿನಲ್ಲಿ ಬರೆದ ಏಳು ಅಂಕಿಗಳನ್ನು ಲ್ಯಾಬಿನಲ್ಲಿ ಏರಿಸುತ್ತಾರೆ. ಒಂದು ಕಂಪ್ಯೂಟರಿಗೆ ನಾಲ್ಕೈದು ಮಕ್ಕಳು. ಒಬ್ಬರ ಸಾಲು ಮುಗಿದ ಕೂಡಲೇ ಕೀಬೋರ್ಡ್ ಪಕ್ಕಕ್ಕೆ ಹೋಗಬೇಕು. ಈ ನಿಯಮ ಬಿಟ್ಟರೆ ಮನೆಯಲ್ಲಿ ಕಂಪ್ಯೂಟರ್ ಇರುವ ಒಬ್ಬನೇ ಇಡೀ ವರ್ಷ ಟೈಪ್ ಮಾಡುತ್ತಾನೆ, ಉಳಿದವರು ಅಂಕಿ ಓದಿ ಹೇಳುವವರಾಗೇ ಉಳಿಯುತ್ತಾರೆ. ಉದ್ದದ ಲಿಂಕ್ ಟೈಪ್ ಮಾಡಿಸಬೇಡಿ, ಎಲ್ಲ ಕಂಪ್ಯೂಟರಿನಲ್ಲೂ ಮೊದಲೇ ಬುಕ್‌ಮಾರ್ಕ್ ಮಾಡಿಡಿ. ಕರೆಂಟ್ ಹೋದರೆ? ಗೋಡೆ ಮೇಲೆ ಇದೇ ಮನೆಗಳನ್ನು ಗೆರೆ ಎಳೆದ ಚಾರ್ಟ್ ಪೇಪರ್ ಇದೆ. ಅದರಲ್ಲಿ ಬರೆಯುತ್ತಾರೆ, ಮುಂದಿನ ಶನಿವಾರ ಏರಿಸುತ್ತಾರೆ. ಜುಲೈನಲ್ಲಿ ಎರಡು ಶನಿವಾರ ಹಾಗೇ ಆಯ್ತು.

ಅಂಕಿ ಬಿದ್ದ ಮೇಲೆ ಹದಿನೈದು ನಿಮಿಷ ಬರೀ ನೋಡುವುದು. ಇದನ್ನು ಕಡಿತ ಮಾಡಬೇಡಿ. ಸುತ್ತಲಿನವರೆಲ್ಲ 70 ಬರೆದಾಗ ಒಬ್ಬರದು 7 ಇದ್ದರೆ "ಮಾತು" ಕಾಲಂನಲ್ಲಿ ಪ್ರಶ್ನೆ ಬೀಳುತ್ತದೆ: "ಸೆಂಟಿಮೀಟರ್ ನೋಡಿದ್ಯಾ?" ಬೇರೆಯವರ ಅಂಕಿ ತಿದ್ದುವಂತಿಲ್ಲ, ಕೇಳಬಹುದು. ತಿದ್ದುವುದು ಆ ಸಾಲಿನವರೇ. ಆಮೇಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿಯ ಜೊತೆ ಹೋಲಿಸುತ್ತೇವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ. ಕಂಡೀಶನಲ್ ಫಾರ್ಮ್ಯಾಟಿಂಗ್‌ನಲ್ಲಿ ಅಂಥ ಮನೆಗಳಿಗೆ ತಾನಾಗೇ ನೀಲಿ ಬಣ್ಣ ಬರುವಂತೆ ಮಾಡಿದ್ದೇವೆ. ಜುಲೈ ಟ್ಯಾಬ್ ತೆರೆದರೆ ಗುಡ್ಡದ ಮೇಲಿನವರ ಸಾಲುಗಳು ನೀಲಿ ಪಟ್ಟಿಯ ಹಾಗೆ ಕಾಣುತ್ತವೆ.

ಡಾಕ್ಸ್‌ಗೆ ಈಗ ಸೆಪ್ಟೆಂಬರ್‌ನಲ್ಲಿ ಹೋಗುತ್ತೇವೆ, ವರದಿ ಬರೆಯಲು. ಅಲ್ಲೂ ಒಂದು ಟೇಬಲ್ ಹಾಕಿ, ಗುಂಪಿಗೊಂದು ಮನೆ ಕೊಡುತ್ತೇನೆ. ಕನ್ನಡ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಕಳೆದ ವರ್ಷ ಒಬ್ಬಳು ಕಂಟ್ರೋಲ್ ಎ ಒತ್ತಿ, ಕೈತಪ್ಪಿ ಪೂರ್ತಿ ವರದಿ ಅಳಿಸಿ, ಅಳುತ್ತಾ ನಿಂತಳು. ಫೈಲ್ ಮೆನು, ವರ್ಶನ್ ಹಿಸ್ಟರಿ, ಹತ್ತು ನಿಮಿಷ ಹಿಂದಿನದು, ರಿಸ್ಟೋರ್. ಎಲ್ಲ ವಾಪಸ್ ಬಂತು. ಇದನ್ನು ಮಕ್ಕಳಿಗೆ ಮೊದಲ ದಿನವೇ ತೋರಿಸಿ, ನೀವೇ ಬೇಕಂತ ಅಳಿಸಿ ತೋರಿಸಿ. ಆಮೇಲೆ ಹೆದರದೆ ಬರೆಯುತ್ತಾರೆ.

ವರದಿಯ ಕೊನೆಯ ಲೆಕ್ಕ ಯಾವಾಗಲೂ ಶಾಲೆಯ ಮಾಡಿನದು. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನಮ್ಮ ಹೆಂಚಿನ ಮಾಡು ಸುಮಾರು 200 ಚದರ ಮೀಟರ್. 100 ಮಿ.ಮೀ. ಬಿದ್ದ ದಿನ 20,000 ಲೀಟರ್ ಚರಂಡಿಗೆ ಹರಿದಿದೆ. ಮಾರ್ಚ್‌ನಲ್ಲಿ ನಮ್ಮ ಶಾಲೆಗೆ ಟ್ಯಾಂಕರ್ ಬರುತ್ತದೆ. ಈ ಸಲ ಮಕ್ಕಳು ಆ ಪುಟವನ್ನು ಪ್ರಿಂಟ್ ತೆಗೆದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತಾವೇ ಹಿಡಿದುಕೊಂಡು ಹೋದರು.